ತೋಟದ ಮಣ್ಣು ಟೆಸ್ಟಿಗೆ ನಾನು ಸ್ಯಾಂಪಲ್ ತೆಗೆಯೋದು ಹೀಗೆ

ನಮ್ದು ಮೂಡಿಗೆರೆ ಕಡೆ ಕಾಫಿ ತೋಟ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ಕಳಿಸೋದು ಬ್ಲಾಕಿಗೆ, ಅಂದ್ರೆ ತೋಟದ ಒಂದೊಂದು ಭಾಗಕ್ಕೆ, ಅರ್ಧ ಕೇಜಿ, ಅದ್ರಲ್ಲಿ ಟೆಸ್ಟಿಗೆ ಬೇಕಾಗೋದು ಕೆಲವು ಗ್ರಾಂ ಅಷ್ಟೆ. ಒಂದೆಕ್ರೆ ಮೇಲ್ಮಣ್ಣು ಅರ್ಧ ಅಡಿ ಆಳಕ್ಕೆ ಲೆಕ್ಕ ಹಾಕಿದ್ರೂ ಸುಮಾರು 9 ಲಕ್ಷ ಕೇಜಿ ಆಗ್ತದೆ ಮಾರಾಯ್ರೆ, ಸುಣ್ಣ ಗೊಬ್ಬರದ ಖರ್ಚೆಲ್ಲ ಆ ಕೆಲವು ಗ್ರಾಮಿನ ಮೇಲೆ ನಿಂತಿರ್ತದೆ.

ನಾನು ಮೊದಲು ಮಾಡೋದು ತೋಟ ಭಾಗ ಮಾಡೋದು. ಗುಡ್ಡದ ತಲೆ ಬೇರೆ, ಇಳಿಜಾರು ಬೇರೆ, ಹಳ್ಳದ ಪಕ್ಕದ ತಗ್ಗು ಬೇರೆ, ರೋಬಸ್ಟಾ ಅರೇಬಿಕಾ ಅಂತೂ ಸೇರಿಸೋದೇ ಇಲ್ಲ. ಯಾಕಂದ್ರೆ ಮೇಲೆ ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ, ಸುಣ್ಣ ಹಾಕೋದು ಅದನ್ನ ತಗ್ಗಿಸೋಕೆ) 5, ಕೆಳಗೆ 6.5 ಇದ್ರೆ ಎರಡೂ ಕಲಸಿದ ಮಣ್ಣಿನ ರಿಪೋರ್ಟು ಎರಡು ಕಡೆಗೂ ಸರಿ ಹೊಂದಲ್ಲ, ಅದನ್ನ ನಂಬಿ ಸುಣ್ಣ ಹಾಕಿದ್ರೆ ಮೇಲೆ ಸಾಕಾಗಲ್ಲ, ಕೆಳಗೆ ಬೇಡದಿದ್ರೂ ಬೀಳ್ತದೆ.

ಆಮೇಲೆ ಪ್ರತಿ ಭಾಗದಲ್ಲೂ ಅಂಕುಡೊಂಕಾಗಿ ನಡ್ಕೊಂಡು ಹತ್ತು ಹದಿನೈದು ಕಡೆ ದರಗು ಸರಿಸಿ, ಮುಕ್ಕಾಲು ಅಡಿ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತಗೋತೀನಿ. ಒಂದೇ ಗುಂಡಿಯಿಂದ ಬುಟ್ಟಿಗಟ್ಟಲೆ ತೆಗೆದ್ರೂ ಅದು ಆ ಒಂದು ಜಾಗದ ಮಣ್ಣೇ, ಲೆಕ್ಕಕ್ಕೆ ಬರೋದು ಎಷ್ಟು ಕಡೆ ತೆಗೆದ್ವಿ ಅನ್ನೋದು. ಸ್ಟಾಟಿಸ್ಟಿಕ್ಸ್ ಪ್ರಕಾರ ಸರಾಸರಿಯಲ್ಲಿ ಬರೋ ಏರುಪೇರು ಅರ್ಧಕ್ಕೆ ಇಳೀಬೇಕಾದ್ರೆ ಜಾಗ ನಾಲ್ಕು ಪಟ್ಟು ಬೇಕು, 4 ಇದ್ದಲ್ಲಿ 16. ಆದ್ರೆ ಆ 16ನ್ನೂ ಜೀಪ್ ರೋಡ್ ಪಕ್ಕದಲ್ಲೇ ತೆಗೆದ್ರೆ 160 ತೆಗೆದ್ರೂ ಉಪಯೋಗ ಇಲ್ಲ, ಒಳಗಿನ ಗಿಡದ ಬುಡಕ್ಕೆ ಸರದಿ ಬರೋದೇ ಇಲ್ವಲ್ಲ. ಅದಕ್ಕೇ ಆಳು ಕಳಿಸಿದ್ರೂ ಎಲ್ಲಿ ಅಗೀಬೇಕು ಅಂತ ನಾನೇ ಜೊತೆಗೆ ಹೋಗಿ ತೋರಿಸ್ತೀನಿ. ಗೊಬ್ಬರದ ಗುಂಡಿ ಹತ್ರ, ಬೇಲಿ ಸಾಲು, ನೀರು ನಿಲ್ಲೋ ಜಾಗ ಬಿಡ್ತೀನಿ.

ಎಲ್ಲ ಮಣ್ಣನ್ನೂ ಶುಭ್ರ ಟಾರ್ಪಾಲಿನ ಮೇಲೆ ಸುರಿದು, ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, ಚೆನ್ನಾಗಿ ಕಲಸಿ ದುಂಡಗೆ ಹರಡೋದು. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಕೋದು, ಉಳಿದದ್ದನ್ನ ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು, ಅರ್ಧ ಕೇಜಿ ಉಳಿಯೋ ತನಕ. ಹೀಗೆ ಮಾಡಿದ್ರೆ ಪ್ರತಿ ಗುಂಡಿಯ ಮಣ್ಣೂ ಸ್ವಲ್ಪ ಸ್ವಲ್ಪ ಕೊನೆ ತನಕ ಉಳ್ಕೊಳ್ತದೆ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ, ಬ್ಲಾಕ್ ಹೆಸರು ಬರ್ದಿಡ್ತೀನಿ. ಹಳೇ ಯೂರಿಯಾ ಚೀಲ ಮಾತ್ರ ಖಂಡಿತ ಮುಟ್ಟಬೇಡಿ.