ಮನೆ ಬಿಡದೆ ಏಟು ನಿಲ್ಲಿಸಿದ್ದು: ನನ್ನ ಅನುಭವ

2023ರ ಮಳೆಗಾಲ. ಮಗಳನ್ನು ಬಿಡಲು ಅಂಗನವಾಡಿಗೆ ಹೋಗಿದ್ದೆ. ಟೀಚರ್ ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದರು. ನನ್ನ ಕಡೆ ನೋಡದೆಯೇ ಕೇಳಿದರು, "ತುಟಿಗೆ ಏನಾಯ್ತಮ್ಮ?"

"ನಲ್ಲಿ ಹತ್ರ ಜಾರಿಬಿದ್ದೆ ಟೀಚರ್."

"ಹೋದ ತಿಂಗಳೂ ಅಲ್ಲೇ ಜಾರಿದ್ದೆ ಅಲ್ವಾ?" ಅಂದರು. ಆಮೇಲೆ ಮೆಲ್ಲಗೆ, "ನಮ್ಮ ಸಿಡಿಪಿಒ ಮೇಡಂ ಇದ್ದಾರಲ್ಲ, ಇಂಥದ್ದನ್ನೂ ಅವರೇ ನೋಡೋದು. ಹೋಗಿ ಬಾ" ಅಂದರು.

ನನಗೆ ನಂಬಿಕೆಯೇ ಬರಲಿಲ್ಲ. ಮಕ್ಕಳ ತೂಕ, ಹಾಲು, ಮೊಟ್ಟೆ ಲೆಕ್ಕ ನೋಡುವ ಆಫೀಸಿಗೂ ನನ್ನ ಗಂಡ ಹೊಡೆಯುವುದಕ್ಕೂ ಏನು ಸಂಬಂಧ? ಸಂಬಂಧ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನ ಪ್ರಕಾರ ಏಟು ತಿಂದ ಹೆಂಗಸರಿಗೆ ನೆರವಾಗಲು ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರಬೇಕು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅಂದರೆ ಸಿಡಿಪಿಒಗೇ, ಆ ಕೆಲಸ ವಹಿಸಿದ್ದಾರೆ. ಎಂಟು ವರ್ಷ ಏಟು ತಿಂದವಳಿಗೆ ಇದು ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮನೆ ಅತ್ತೆಯ ಹೆಸರಲ್ಲಿದೆ. ಅರಳಿಕಟ್ಟೆ ಹತ್ತಿರ ಮೂರು ಸಲ ಪಂಚಾಯ್ತಿ ಆಗಿತ್ತು. ಮೂರು ಸಲವೂ "ಇನ್ಮೇಲೆ ಕೈ ಎತ್ತಲ್ಲ" ಅಂತ ದೇವರ ಮೇಲೆ ಆಣೆ ಮಾಡಿದ್ದರು. ದೊಡ್ಡವರು ನನಗೆ ಹೇಳಿದ್ದು ಒಂದೇ ಮಾತು: "ಹೊಂದ್ಕೊಂಡು ಹೋಗವ್ವ, ಇಲ್ದಿದ್ರೆ ತವರಿಗೆ ಹೋಗು." ತವರಲ್ಲಿ ತಮ್ಮನ ಸಂಸಾರ, ಎರಡೇ ರೂಮು. ಮಗಳ ಅಂಗನವಾಡಿ, ನನ್ನ ಗಿರಾಕಿಗಳು ಎಲ್ಲ ಇಲ್ಲೇ. ತಪ್ಪು ಮಾಡಿದವರು ಅವರು, ಗಂಟುಮೂಟೆ ಕಟ್ಟಬೇಕಾದವಳು ನಾನಾ? ನನಗೆ ಮನೆಯೂ ಬೇಕಿತ್ತು, ಏಟೂ ನಿಲ್ಲಬೇಕಿತ್ತು.

ಟೀಚರ್ ಹೇಳಿದ ಮೇಲೂ ಮೂರು ವಾರ ಸುಮ್ನಿದ್ದೆ. ಹಾಗೆ ಕಾಯಬಾರದಿತ್ತು. ಒಂದು ರಾತ್ರಿ ಬಾಗಿಲಿಗೆ ತಳ್ಳಿದರು, ಮೊಣಕೈ ಊದಿಕೊಂಡಿತು. ಬೆಳಗ್ಗೆ ಆಧಾರ್ ಕಾರ್ಡ್ ಸೆರಗಿನಲ್ಲಿ ಸಿಕ್ಕಿಸಿಕೊಂಡು ಬಸ್ ಹತ್ತಿದೆ. ಶಕ್ತಿ ಯೋಜನೆ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚದೆ ತಾಲ್ಲೂಕಿಗೆ ಹೋಗಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದೆ. ಡ್ಯೂಟಿ ಡಾಕ್ಟರ್ "ಹೇಗಾಯ್ತು?" ಅಂದರು. ಜಾರಿಬಿದ್ದೆ ಅನ್ನುವ ಮಾತು ಅಭ್ಯಾಸದಿಂದ ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, "ನನ್ನ ಗಂಡ ತಳ್ಳಿದ್ರು" ಅಂದೆ. ಅವರು ಚೀಟಿ ಪಕ್ಕಕ್ಕಿಟ್ಟು, ಪೊಲೀಸ್ ಕೇಸಿಗೆ ಬೇಕಾಗುವ ಗಾಯಗಳನ್ನು ದಾಖಲಿಸುವ ಎಂಎಲ್‌ಸಿ ಪುಸ್ತಕ ತೆಗೆದರು. ಯಾವ ಕೈ, ಎಷ್ಟು ಉದ್ದದ ಗಾಯ, ಯಾವ ಬಣ್ಣ, ಯಾರು ಮಾಡಿದ್ದು ಅಂತ ನಾನು ಹೇಳಿದೆನೋ ಎಲ್ಲ ಬರೆದರು. ಆಸ್ಪತ್ರೆಯಲ್ಲಿ ನಿಜ ಹೇಳಿ. ಗಾಯ ವಾರದಲ್ಲಿ ಮಾಯುತ್ತದೆ, ಆ ಪುಸ್ತಕದ ಸಾಲು ಹಾಗೇ ಉಳಿಯುತ್ತದೆ.

ಠಾಣೆಯ ಅನುಭವ ಚೆನ್ನಾಗಿರಲಿಲ್ಲ. ಗಂಡನನ್ನು ಕರೆಸಿ, ಬೈದು, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. "ಮನೆ ಜಗಳ, ಹೋಗಮ್ಮ" ಅಂದರು. ನಾನು ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ದೂರನ್ನು ಬರೆದುಕೊಟ್ಟಿದ್ದೆ, ಹಿಂಬರಹ ಕೊಡುವವರೆಗೂ ಬೆಂಚಿನಿಂದ ಏಳಲಿಲ್ಲ. ಬಾಯಲ್ಲಿ ಹೇಳಿ ಬಂದರೆ ನೀವು ಠಾಣೆಗೆ ಹೋಗಿದ್ದಕ್ಕೇ ಗುರುತಿರುವುದಿಲ್ಲ.

ಅಲ್ಲಿಂದ ಸಿಡಿಪಿಒ ಆಫೀಸು. ಮೇಡಂ ಕುಡಿಯಲು ನೀರು ಕೊಟ್ಟು ಒಂದು ಫಾರಂ ತೆಗೆದರು. ಅದನ್ನು ಡಿಐಆರ್ ಅನ್ನುತ್ತಾರೆ, ಅಂದರೆ ಕೌಟುಂಬಿಕ ಘಟನೆಯ ವರದಿ. ನಾನು ಏಟಿನ ಬಗ್ಗೆ ಮಾತ್ರ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಒಂದೊಂದೇ ಓದುತ್ತಾ ಹೋದರು. ನಡತೆ ಮೇಲೆ ಅನುಮಾನ ಪಟ್ಟು ಬೈಯುತ್ತಾರಾ? ಗಂಡುಮಗು ಆಗಲಿಲ್ಲ ಅಂತ ಹಂಗಿಸುತ್ತಾರಾ? ಮನೆ ಖರ್ಚಿಗೆ ಕೊಡುತ್ತಾರಾ? ನಿಮ್ಮ ದುಡಿಮೆ ಕಿತ್ತುಕೊಳ್ಳುತ್ತಾರಾ? ತವರಿಂದ ತಂದ ಸಾಮಾನು ಮಾರಿದ್ದಾರಾ?

ಅಲ್ಲಿಗೆ ಬಂದಾಗ ನನ್ನ ದನಿ ಕಟ್ಟಿತು. ಮದುವೆಯಲ್ಲಿ ಅಪ್ಪ ಕೊಡಿಸಿದ ಹೊಲಿಗೆ ಮಷೀನನ್ನು ಹಿಂದಿನ ವರ್ಷ ನನ್ನ ಗಂಡ ಮಾರಿದ್ದರು. ನಾನು ಪಕ್ಕದ ಮನೆ ಅಕ್ಕನ ಮಷೀನಿನಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಹೊಲಿಯುತ್ತಿದ್ದೆ. ಇದನ್ನೂ ಹಿಂಸೆ ಅಂತ ಬರೆಯಬಹುದಾ ಅಂತ ಕೇಳಿದೆ. "ಬರೆಯಲೇಬೇಕಮ್ಮ, ಅದು ನಿನ್ನ ಸ್ತ್ರೀಧನ" ಅಂದರು. ಎರಡು ಗಂಟೆ ಹಿಡಿಯಿತು. ವರದಿಯ ಒಂದು ಪ್ರತಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ಇನ್ನೊಂದು ಠಾಣೆಗೆ ಹೋಯಿತು.

ವಕೀಲರಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನನಗೆ ಸಿಕ್ಕ ವಕೀಲರು ಮೊದಲು ಕೇಳಿದ್ದು, "ನಿಮಗೆ ಏನು ಬೇಕು?" ಅಂತ. ಎಂಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಜೈಲಿಗೆ ಹಾಕಿಸುವುದಾದರೆ, ಗಂಡ ಕೊಡುವ ಹಿಂಸೆಗೆ ಅಂತ ಆಗಿನ ಐಪಿಸಿಯ 498ಎ ಕಲಂ ಇತ್ತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಆ ಕೇಸನ್ನೂ ಈ ಕೌಟುಂಬಿಕ ಹಿಂಸೆ ಅರ್ಜಿಯ ಜೊತೆಗೇ ಹಾಕಬಹುದು. ನಾನು ಹಾಕಲಿಲ್ಲ. ಡೈವರ್ಸ್ ಕೇಳಬೇಕು ಅಂತಲೂ ಇಲ್ಲ. "ಮನೆಯಲ್ಲೇ ಇರಬೇಕು, ಹೊಡೆಯಬಾರದು" ಅಂದೆ.

"ಮನೆ ಅತ್ತೆಯದಲ್ವಾ?" ಅನ್ನುವುದು ನನ್ನ ದೊಡ್ಡ ಭಯ. ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗೆ ಇದೆ, ಪತ್ರ ಯಾರ ಹೆಸರಲ್ಲಾದರೂ ಇರಲಿ. ಅತ್ತೆ ಮಾವನ ಹೆಸರಲ್ಲಿರುವ ಮನೆಗೂ ಇದು ಅನ್ವಯ ಆಗಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಮನೆ ನನ್ನದಾಗುವುದಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ ಅಂತ ಕೇಳುವುದಕ್ಕೂ ಆಗುವುದಿಲ್ಲ, ಹೆಂಗಸಿನ ಮೇಲೆ ಅಂಥ ಆದೇಶ ಮಾಡಬಾರದು ಅಂತ ಕಾನೂನಿನಲ್ಲೇ ಇದೆ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಮಾವ ಇದ್ದಾಗ ಅತ್ತೆಯೂ ಏಟು ತಿಂದವರೇ.

ಕಾನೂನಿನ ಪ್ರಕಾರ ಅರ್ಜಿ ಹಾಕಿದ ಮೂರು ದಿನದಲ್ಲಿ ಮೊದಲ ದಿನಾಂಕ ಕೊಡಬೇಕು, ಅದಾದ 60 ದಿನದಲ್ಲಿ ಮುಗಿಸಲು ನೋಡಬೇಕು. ನನ್ನ ಕೇಸು ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಹಾಗಾಗಿ ಮಧ್ಯಂತರ ಆದೇಶ ಕೇಳುವುದನ್ನು ಮರೆಯಬೇಡಿ. ಅಫಿಡವಿಟ್ ಸರಿಯಾಗಿದ್ದರೆ ಗಂಡ ಕೋರ್ಟಿಗೆ ಬರುವ ಮೊದಲೇ ಅದನ್ನು ಕೊಡಬಹುದು. ನನಗೆ ಐದನೇ ವಾರಕ್ಕೆ ಸಿಕ್ಕಿತು. ಹೊಡೆಯಬಾರದು, ಮನೆಯಿಂದ ಹಾಕಬಾರದು, ನಾನೂ ಮಗಳೂ ಮಲಗುವ ರೂಮಿಗೆ ಬರಬಾರದು, ತಿಂಗಳಿಗೆ 5,000 ಕೊಡಬೇಕು. ಆದೇಶದ ಪ್ರತಿಗೆ ದುಡ್ಡು ಕೊಡಬೇಕಾಗಿಲ್ಲ. ಒಂದನ್ನು ಠಾಣೆಗೆ ಕೊಟ್ಟು ಸೀಲ್ ಹಾಕಿಸಿಕೊಂಡೆ. ಒಂದು ಪಕ್ಕದ ಮನೆ ಅಕ್ಕನ ಅಕ್ಕಿ ಡಬ್ಬದಲ್ಲಿ, ಮಗಳ ಜನನ ಪತ್ರ, ನನ್ನ ಪಾಸ್‌ಬುಕ್, ಮದುವೆ ಫೋಟೊ ಜೊತೆ. ಗಾಯದ ಫೋಟೊಗಳನ್ನು ತಂಗಿಗೆ ಕಳಿಸಿ ನನ್ನ ಫೋನಿಂದ ಅಳಿಸುತ್ತಿದ್ದೆ, ಯಾಕೆಂದರೆ ಅವರು ಫೋನ್ ನೋಡುತ್ತಿದ್ದರು.

ಆದೇಶ ಬಂದ ಎರಡನೇ ತಿಂಗಳು ಕುಡಿದು ಬಂದು ರೂಮಿನ ಚಿಲಕ ಕಿತ್ತರು. 112ಕ್ಕೆ ಫೋನ್ ಮಾಡಿ, "ಕೋರ್ಟ್ ಆದೇಶ ಇದೆ, ಮುರಿಯುತ್ತಿದ್ದಾರೆ" ಅಂದೆ. ಗಾಡಿ ಬಂತು. ಈ ಸಲ ಮನೆ ಜಗಳ ಅಂತ ಯಾರೂ ಅನ್ನಲಿಲ್ಲ. ರಕ್ಷಣಾ ಆದೇಶ ಮುರಿಯುವುದೇ ಒಂದು ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವರಿಗೆ ಠಾಣೆಯಲ್ಲೇ ಜಾಮೀನು ಸಿಗುವುದಿಲ್ಲ. ಎಫ್‌ಐಆರ್ ಆಯಿತು. ಆಮೇಲೆ ಕೋರ್ಟು ಅವರನ್ನೇ ಮನೆಯಿಂದ ದೂರ ಇರಲು ಹೇಳಿತು. ಈಗ ಅವರು ಅಣ್ಣನ ಮನೆಯಲ್ಲಿದ್ದಾರೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮೊದಲ ಒಂದು ವರ್ಷ ಮಾತಾಡಲಿಲ್ಲ, ಈಗ ಮಗಳಿಗೆ ಜಡೆ ಹಾಕುತ್ತಾರೆ.

ಎಲ್ಲರೂ ನನ್ನ ಹಾಗೆ ಮನೆಯಲ್ಲೇ ಇರಿ ಅಂತ ನಾನು ಹೇಳುವುದಿಲ್ಲ. ಕತ್ತು ಹಿಸುಕಿದರೆ, ಸೀಮೆಎಣ್ಣೆ, ಕುಡುಗೋಲು ಅಂತ ಹೆದರಿಸಿದರೆ ಆ ರಾತ್ರಿಯೇ ಹೊರಡಿ. ಕಾಗದ ಆಮೇಲೆ ತರಿಸಿಕೊಳ್ಳಬಹುದು. ಜಿಲ್ಲಾ ಕೇಂದ್ರದಲ್ಲಿ ಹಿಂಸೆಗೆ ಸಿಕ್ಕ ಹೆಂಗಸರಿಗೆ ಅಂತಲೇ ಇರುವ ಸಖಿ ಕೇಂದ್ರ ಹಗಲು ರಾತ್ರಿ ತೆರೆದಿರುತ್ತದೆ, ಐದು ದಿನದವರೆಗೆ ಉಳಿದುಕೊಳ್ಳಬಹುದು, ಹೆಣ್ಣುಮಕ್ಕಳನ್ನೂ ಚಿಕ್ಕ ಗಂಡುಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಜಾಸ್ತಿ ದಿನ ಬೇಕಾದರೆ ಅವರೇ ಬೇರೆ ಕಡೆ ವ್ಯವಸ್ಥೆ ಮಾಡುತ್ತಾರೆ. ತವರಿಗೆ ಹೋದರೂ ಕೇಸಿಗೆ ತೊಂದರೆ ಇಲ್ಲ. ನೀವು ಈಗ ಎಲ್ಲಿದ್ದೀರೋ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು.

ಮಷೀನ್ ವಾಪಸ್ ಬರಲಿಲ್ಲ, ಅದರ ಬೆಲೆ ಕೋರ್ಟಿನಿಂದ ಕೊಡಿಸಿದರು. ಹೊಸದು ತಗೊಂಡೆ. ಬ್ಲೌಸ್ ಅಳತೆ ತೆಗೆಯುವಾಗ ತೋಳು ಎತ್ತಬೇಕಲ್ವಾ, ಆಗ ಕೆಲವರ ತೋಳಿನ ಒಳಗೆ ನಾಲ್ಕು ಬೆರಳಿನ ಗುರುತು ಕಾಣುತ್ತದೆ. ನಾನು ಏನಾಯ್ತು ಅಂತ ಕೇಳುವುದಿಲ್ಲ, ಜಾರಿಬಿದ್ದೆ ಅನ್ನುತ್ತಾರೆ. ಟೇಪ್ ಸುತ್ತಿಡುತ್ತಾ ನನ್ನ ಕಥೆಯನ್ನೇ ಹೇಳುತ್ತೇನೆ. ಚೀಟಿಯಲ್ಲಿ ಏನನ್ನೂ ಬರೆದುಕೊಡುವುದಿಲ್ಲ, ಮನೆಯಲ್ಲಿ ಯಾರಾದರೂ ನೋಡಿಬಿಡಬಹುದು. ಮಹಿಳಾ ಸಹಾಯವಾಣಿ ನಂಬರನ್ನು ಬಾಯಿಪಾಠ ಮಾಡಿಸಿ ಕಳಿಸುತ್ತೇನೆ. ಮೂರೇ ಅಂಕಿ. ಒಂದು, ಎಂಟು, ಒಂದು.