ಕಾಟಾದಿಂದ ಆಫೀಸಿಗೆ: ರೈಸ್ ಮಿಲ್ಲಿನೊಳಗೆ ನೆಟ್‌ವರ್ಕ್ ಕಟ್ಟುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಲ್ಲಿ ಗೇಟಿನ ಹತ್ತಿರ ಲಾರಿ ತೂಗುವ ಕಾಟಾ, ಅದರ ಪಕ್ಕ ಒಂದು ಸಣ್ಣ ಕೋಣೆ, ಕೋಣೆಯೊಳಗೊಂದು ಕಂಪ್ಯೂಟರ್ ಇರುತ್ತದೆ. ಅಷ್ಟು ದೂರದಲ್ಲಿ ಆಫೀಸು. ಅಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕಿದ ಇನ್ನೊಂದೆರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ಮೇಲೆ ಸಿಸಿ ಕ್ಯಾಮೆರಾದ ರೆಕಾರ್ಡರ್. ಭತ್ತದ ಲಾರಿ ಕಾಟಾ ಇಳಿದ ಮೇಲೆ ಹುಡುಗ ತೂಕದ ಚೀಟಿ ಹಿಡಿದು ಆಫೀಸಿಗೆ ಓಡುತ್ತಾನೆ. ಗುಮಾಸ್ತರು ಅದೇ ಅಂಕಿಯನ್ನು ಮತ್ತೊಮ್ಮೆ ಟೈಪ್ ಮಾಡುತ್ತಾರೆ. ಸುಗ್ಗಿಯ ಗಡಿಬಿಡಿಯಲ್ಲಿ 6 ಹೋಗಿ 9 ಆಗುವುದು ಇಲ್ಲೇ.

ಈ ಓಟ ನಿಲ್ಲಿಸಲು ಬೇಕಾದದ್ದು ಇಂಟರ್ನೆಟ್ ಅಲ್ಲ, ಮಿಲ್ಲಿನ ಒಳಗಿನ ನೆಟ್‌ವರ್ಕ್. ಎರಡನ್ನೂ ಒಂದೇ ಅಂದುಕೊಂಡು ‘ನೆಟ್ ಹೋಗೈತಿ, ಅದಕ್ಕ ಪ್ರಿಂಟ್ ಬರವಲ್ದು’ ಎಂದು ಕೈಕಟ್ಟಿ ಕೂರುವವರೇ ಹೆಚ್ಚು. ಹೊರಗಿನಿಂದ ಬರುವ ಫೈಬರ್ ವೈರನ್ನು ರೂಟರಿನಿಂದ ಕಿತ್ತಿಟ್ಟರೂ ಕಾಟಾದ ಫೈಲ್ ಆಫೀಸಿನಲ್ಲಿ ತೆರೆಯಬೇಕು, ಪ್ರಿಂಟ್ ಬರಬೇಕು. ಬರದಿದ್ದರೆ ತಪ್ಪು ಇಂಟರ್ನೆಟ್ ಕೊಟ್ಟವರದಲ್ಲ, ಒಳಗೆ ಕಟ್ಟಿದ್ದರಲ್ಲಿದೆ. ಕೆಲಸ ಮುಗಿದ ದಿನ ಮಾಡಬೇಕಾದ ಮೊದಲ ಪರೀಕ್ಷೆಯೂ ಇದೇ.

ಒಂದೇ ಓಣಿಯ ಲೆಕ್ಕ

ಪ್ರತಿ ಯಂತ್ರಕ್ಕೂ ಎರಡು ಗುರುತು. ಒಂದು ಮ್ಯಾಕ್ ಅಡ್ರೆಸ್: ಹನ್ನೆರಡು ಅಕ್ಷರ-ಅಂಕಿಗಳದ್ದು, ಕಾರ್ಖಾನೆಯಲ್ಲೇ ಕೂಡಿಸಿ ಕಳಿಸಿದ್ದು. ಇನ್ನೊಂದು ಐಪಿ ಅಡ್ರೆಸ್: ಅದನ್ನು ನಾವು ಕೊಡುತ್ತೇವೆ, ಇಲ್ಲವೇ ರೂಟರ್ ಕೊಡುತ್ತದೆ. ಆಫೀಸಿನ ಕಂಪ್ಯೂಟರ್ 192.168.1.20ರ ಹತ್ತಿರ ಮಾತಾಡಬೇಕಾದರೆ ಮೊದಲು ತನ್ನ ಸಬ್‌ನೆಟ್ ಮಾಸ್ಕ್ ನೋಡಿಕೊಳ್ಳುತ್ತದೆ. ಅದು 255.255.255.0 ಆಗಿದ್ದರೆ ಮೊದಲ ಮೂರು ಭಾಗ ಹೊಂದಬೇಕು ಎಂದರ್ಥ. ಹೊಂದಿದರೆ ಅವರು ಒಂದೇ ಓಣಿಯವರು. ‘192.168.1.20 ಯಾರಪ್ಪಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಆ ಅಡ್ರೆಸ್ಸಿನ ಯಂತ್ರ ತನ್ನ ಮ್ಯಾಕ್ ಹೇಳುತ್ತದೆ, ಆಮೇಲೆ ಮಾತು ನೇರ. ಫೈಲನ್ನು ಹೆಚ್ಚೆಂದರೆ 1500 ಬೈಟಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತದೆ. ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿ (ಕೇಬಲ್ ಚುಚ್ಚುವ ತೂತಿನಲ್ಲಿ) ಇದೆ ಎಂದು ನಡುವಿನ ಸ್ವಿಚ್, ಅಂದರೆ ಕೇಬಲುಗಳೆಲ್ಲ ಬಂದು ಸೇರುವ ಡಬ್ಬಿ, ನೆನಪಿಟ್ಟುಕೊಂಡು ಅಲ್ಲಿಗಷ್ಟೇ ದಾಟಿಸುತ್ತದೆ. ಮೊದಲ ಮೂರು ಭಾಗ ಹೊಂದದಿದ್ದರೆ ಓಣಿ ಬೇರೆ. ಆಗ ಮಾತನ್ನು ರೂಟರಿನ ಕೈಗೆ ಒಪ್ಪಿಸಿ ಸುಮ್ಮನಾಗುತ್ತದೆ.

ಇಷ್ಟು ಗೊತ್ತಿದ್ದರೆ ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತವೆ.

ಕೇಬಲ್: ದುಡ್ಡು ಉಳಿಸಬಾರದ ಜಾಗ

ಆಫೀಸಿಗೆ 8 ಪೋರ್ಟಿನ ಗಿಗಾಬಿಟ್ ಸ್ವಿಚ್, ಕಾಟಾ ಕೋಣೆಗೆ 5 ಪೋರ್ಟಿನದು ಸಾಕು. ಕೇಬಲ್ ಕ್ಯಾಟ್-6, 305 ಮೀಟರಿನ ಬಾಕ್ಸ್. ಕೊಳ್ಳುವಾಗ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ತಾಮ್ರದ ಬಣ್ಣವಿದ್ದರೆ ಸರಿ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಬಾಕ್ಸ್ ಎತ್ತಿದಾಗಲೇ ಹಗುರ ಅನ್ನಿಸುತ್ತದೆ. ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ, ಅದೇ ಕೇಬಲಿನಲ್ಲಿ ಕರೆಂಟ್ ಪಡೆಯುವ ಕ್ಯಾಮೆರಾಗಳು ರಾತ್ರಿ ತಮ್ಮ ದೀಪ ಹೊತ್ತಿದ ಕೂಡಲೇ ಬಂದ್ ಬೀಳುತ್ತವೆ. ಯಾಕೆಂದರೆ ಅಲ್ಯೂಮಿನಿಯಂನಲ್ಲಿ ಪ್ರತಿರೋಧ ಹೆಚ್ಚು, ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ.

ಒಂದು ಯಂತ್ರದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ 100 ಮೀಟರ್, ಅಂದರೆ ಸುಮಾರು 328 ಅಡಿ ದಾಟಬಾರದು. ಕಣ್ಣಳತೆ ನಂಬಬೇಡಿ. ಗೋಡೆ ಹತ್ತಿ, ಗೋದಾಮು ಸುತ್ತಿ, ಮತ್ತೆ ಇಳಿಯುವ ಹಾದಿಯನ್ನೇ ಟೇಪು ಹಿಡಿದು ಅಳೆಯಿರಿ. ನೇರ 70 ಮೀಟರ್ ಕಂಡದ್ದು ಹಾದಿಯಲ್ಲಿ 110 ಆಗಿರುತ್ತದೆ.

ಆದರೆ ಕಾಟಾ ಕೋಣೆ ಮತ್ತು ಆಫೀಸು ಬೇರೆ ಬೇರೆ ಕಟ್ಟಡಗಳಾಗಿದ್ದರೆ, 40 ಮೀಟರೇ ಇದ್ದರೂ ನಮ್ಮ ಸಲಹೆ ಫೈಬರ್. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ಮಳೆಯಲ್ಲಿ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಎದ್ದು ತಾಮ್ರದ ಕೇಬಲಿನಲ್ಲೇ ಹರಿಯುತ್ತದೆ. ಎರಡೂ ತುದಿಯ ಸ್ವಿಚ್, ಕೆಲವೊಮ್ಮೆ ಕಂಪ್ಯೂಟರಿನ ಬೋರ್ಡ್ ಸಮೇತ ಸುಡುತ್ತದೆ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಸಿಂಗಲ್-ಮೋಡ್ ಕೇಬಲ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿಗೆ ಒಗ್ಗಿಸುವ ಡಬ್ಬಿ), ಇಷ್ಟೇ ಬೇಕು. ಕನ್ವರ್ಟರುಗಳನ್ನು ಜೋಡಿಯಾಗಿಯೇ ತನ್ನಿ. ಒಂದೇ ಎಳೆಯಲ್ಲಿ ಓಡುವ ಬಗೆಯಲ್ಲಿ ‘ಎ’ ಒಂದು ಕಡೆ, ‘ಬಿ’ ಇನ್ನೊಂದು ಕಡೆ ಇರಬೇಕು. ಎರಡೂ ‘ಎ’ ತಂದರೆ ದೀಪವೇ ಹತ್ತದು. ಇಲಿ-ಹೆಗ್ಗಣಗಳ ಕಾಟ ಇರುವಲ್ಲಿ ಕಬ್ಬಿಣದ ಕವಚವಿರುವ ಫೈಬರ್ ಸಿಗುತ್ತದೆ, ಆದರೆ ಆ ಕವಚವೂ ಲೋಹವೇ. ಕಟ್ಟಡದ ಒಳಗೆ ಹೋಗುವ ಮುಂಚೆ ಅದನ್ನು ಕತ್ತರಿಸಿಬಿಡಬೇಕು, ಇಲ್ಲವಾದರೆ ಫೈಬರ್ ಎಳೆದ ಉದ್ದೇಶವೇ ಹಾಳು.

ಕಟ್ಟಡದ ಒಳಗಿನ ತಾಮ್ರದ ಕೇಬಲನ್ನು ಮೋಟಾರಿನ ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಬೇಡಿ. ಕನಿಷ್ಠ ಒಂದು ಅಡಿ ಅಂತರ ಬಿಡಿ, ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ.

ಕ್ಲಿಪ್ ಒತ್ತುವುದು

ಕೇಬಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗೇ ಕ್ಲಿಪ್. ತೊಗಟೆಯನ್ನು ಒಂದಂಗುಲ ಸುಲಿದು ಎಂಟು ತಂತಿ ಬಿಡಿಸಿ ನೇರ ಮಾಡಿ. ಕ್ಲಿಪ್ಪಿನ ಕೊಕ್ಕೆ ಕೆಳಗೆ, ಕೇಬಲ್ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಜೋಡಿಯ ಹೊಸೆತ ಬಿಚ್ಚಿದ್ದು 13 ಮಿಲಿಮೀಟರಿಗಿಂತ ಹೆಚ್ಚು ಉಳಿಯದಂತೆ ತುದಿ ಕತ್ತರಿಸಿ ಒಳಗೆ ತಳ್ಳಿ. ಎಂಟೂ ತುದಿ ಮುಂದಿನ ಗೋಡೆಗೆ ಮುಟ್ಟಿರಬೇಕು, ಹೊರತೊಗಟೆಯೂ ಕ್ಲಿಪ್ಪಿನೊಳಗೆ ಸೇರಿರಬೇಕು. ಒತ್ತಿದಾಗ ಹಿಡಿಯಬೇಕಾದದ್ದು ತೊಗಟೆಯನ್ನು, ಬರೀ ತಂತಿಗಳನ್ನಲ್ಲ.

ಹಸಿರು ಜೋಡಿಯ ನಡುವೆ ನೀಲಿ ಯಾಕೆ ಬಂತು ಎಂದು ಬೇಸರಪಟ್ಟು ಕಿತ್ತಳೆ-ಹಸಿರು-ನೀಲಿ-ಕಂದು ಎಂದು ಜೋಡಿ ಜೋಡಿಯಾಗಿಯೇ ಒತ್ತುವವರಿದ್ದಾರೆ. ಇದು ಮೋಸದ ತಪ್ಪು. ಎರಡೂ ತುದಿ ಒಂದೇ ಥರ ಇರುವುದರಿಂದ ಟೆಸ್ಟರಿನ ದೀಪಗಳು 1ರಿಂದ 8 ಅಚ್ಚುಕಟ್ಟಾಗಿಯೇ ಹತ್ತುತ್ತವೆ. ಆದರೆ ಯಂತ್ರ 3 ಮತ್ತು 6ನೇ ತಂತಿಯನ್ನು ಒಂದು ಜೋಡಿಯೆಂದು ನಂಬಿ ಬಳಸುತ್ತದೆ. ಅವು ಒಂದಕ್ಕೊಂದು ಹೊಸೆದಿರುವುದಿಲ್ಲ, ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತದೆ. ಮೇಜಿನ ಮೇಲಿನ ಎರಡು ಮೀಟರಿನಲ್ಲಿ ನಡೆದ ಕೇಬಲ್ 50 ಮೀಟರಿನಲ್ಲಿ ಒದ್ದಾಡುವುದು ಇದರಿಂದಲೇ.

ಕೂಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ನೋಡಿ. 1 ಗಿಗಾಬಿಟ್ ತೋರಿಸಬೇಕು. 100 ಮೆಗಾಬಿಟ್ ತೋರಿಸಿದರೆ ಹಳೆಯ ಸ್ವಿಚ್ ಅಲ್ಲದಿದ್ದರೆ ಎಲ್ಲೋ ಒಂದು ತಂತಿ ಮುಟ್ಟಿಲ್ಲ, ನಾಲ್ಕರಲ್ಲೇ ನಡೆಯುತ್ತಿದೆ. ಕ್ಲಿಪ್ ಕತ್ತರಿಸಿ ಹೊಸದು ಒತ್ತಿ.

ಅಡ್ರೆಸ್ ಹಂಚುವುದು

ಕಾಗದದ ಮೇಲೆ ಮೊದಲು ಬರೆಯಿರಿ. ರೂಟರ್ 192.168.1.1, ಪ್ರಿಂಟರ್ .10 (ಅಂದರೆ 192.168.1.10), ಕಾಟಾ ಕಂಪ್ಯೂಟರ್ .20, ಕ್ಯಾಮೆರಾ ರೆಕಾರ್ಡರ್ .30. ಇವು ಕದಲಬಾರದು. ಉಳಿದ ಮೊಬೈಲು, ಲ್ಯಾಪ್‌ಟಾಪುಗಳಿಗೆ ರೂಟರೇ ಹಂಚಲಿ (ಈ ಹಂಚುವ ಕೆಲಸಕ್ಕೇ ಡಿಎಚ್‌ಸಿಪಿ ಎನ್ನುವುದು); ಅದರ ಡಿಎಚ್‌ಸಿಪಿ ವ್ಯಾಪ್ತಿಯನ್ನು 100ರಿಂದ 200 ಎಂದು ಕಟ್ಟಿಹಾಕಿ. ಹಾಗೆ ಕಟ್ಟದೆ ಪ್ರಿಂಟರಿಗೆ ಮನಸ್ಸಿಗೆ ಬಂದ ಅಡ್ರೆಸ್ ಕೊಟ್ಟರೆ, ಯಾರದೋ ಮೊಬೈಲಿಗೆ ರೂಟರ್ ಅದೇ ಅಡ್ರೆಸ್ ಕೊಟ್ಟ ದಿನ ಎರಡೂ ಜಗಳಕ್ಕೆ ಬೀಳುತ್ತವೆ. ಪ್ರಿಂಟ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ.

ಎರಡು ರೂಟರುಗಳ ತೊಂದರೆ ಇದಕ್ಕಿಂತ ದೊಡ್ಡದು. ಫೈಬರ್ ಕನೆಕ್ಷನ್ ಜೊತೆ ಬಂದ ಡಬ್ಬಿಯೇ ಒಂದು ರೂಟರ್. ವೈಫೈ ಸಾಲದೆಂದು ಅಂಗಡಿಯಿಂದ ಇನ್ನೊಂದು ತಂದು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ತೂತಿಗೆ) ಕೇಬಲ್ ಚುಚ್ಚಿದರೆ ಹಿಂದೆ ಇನ್ನೊಂದು ಓಣಿ ಹುಟ್ಟುತ್ತದೆ. ಅದರ ಹಿಂದಿನ ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತದೆ, ಆದ್ದರಿಂದ ಎಲ್ಲವೂ ಸರಿಯಿದೆ ಅನ್ನಿಸುತ್ತದೆ; ಆದರೆ ಮುಂದಿನವರಿಗೆ ಆ ಕಂಪ್ಯೂಟರ್ ಕಾಣುವುದೇ ಇಲ್ಲ. ಸರಿಪಡಿಸುವುದು ಹೀಗೆ: ಎರಡನೇ ರೂಟರಿನ ಸ್ವಂತ ಅಡ್ರೆಸ್ಸನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ನಿಲ್ಲಿಸಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ (ಒಳಗಿನ ನೆಟ್‌ವರ್ಕಿನ) ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ನಿಲ್ಲಿಸುವುದನ್ನು ಮರೆತು ಲ್ಯಾನಿಗೆ ಹಾಕಿದರೆ ಮಾತ್ರ ಕೆಟ್ಟದ್ದು: ಇಬ್ಬರು ಅಡ್ರೆಸ್ ಹಂಚುತ್ತಾರೆ, ಬೆಳಿಗ್ಗೆ ನಡೆದ ಕಂಪ್ಯೂಟರ್ ಮಧ್ಯಾಹ್ನ ನಡೆಯದು, ಕಾರಣ ಹುಡುಕಲು ಇಡೀ ದಿನ.

ಕಾಟಾ, ಫೈಲು, ಪ್ರಿಂಟರ್

ಕಾಟಾದ ಇಂಡಿಕೇಟರ್ (ತೂಕ ತೋರಿಸುವ ಡಬ್ಬಿ) ಸಾಮಾನ್ಯವಾಗಿ ನೆಟ್‌ವರ್ಕಿಗೆ ಸೇರಿದ್ದಲ್ಲ. ಅದರ ಹಿಂದಿನ 9 ಪಿನ್ನಿನ ಪೋರ್ಟಿನಿಂದ ಆರ್‌ಎಸ್-232 ಎಂಬ ಹಳೆಯ ಬಗೆಯ ಮಾತು ಹೊರಡುತ್ತದೆ. 15 ಮೀಟರಿನೊಳಗೇ ಕಂಪ್ಯೂಟರ್ ಇರಲಿ. ಇಂಡಿಕೇಟರಿನಲ್ಲಿ ವೇಗ 9600 ಎಂದಿದ್ದರೆ ತೂಕದ ಸಾಫ್ಟ್‌ವೇರಿನಲ್ಲೂ 9600 ಇರಬೇಕು, ಬೇರೆಯಾದರೆ ತೂಕದ ಬದಲು ಚಿತ್ರವಿಚಿತ್ರ ಅಕ್ಷರ ಬರುತ್ತವೆ. ಯುಎಸ್‌ಬಿ ಕನ್ವರ್ಟರ್ ಬಳಸಿದ್ದರೆ ಅದನ್ನು ಒಂದೇ ಯುಎಸ್‌ಬಿ ತೂತಿಗೆ ಹಾಕಿ, ಮೇಲೆ ಟೇಪು ಅಂಟಿಸಿಬಿಡಿ. ಬೇರೆ ತೂತಿಗೆ ಹಾಕಿದರೆ ಕಾಮ್ ಪೋರ್ಟಿನ ನಂಬರ್ (ಅದಕ್ಕೆ ವಿಂಡೋಸ್ ಕೊಡುವ ಗುರುತು) ಬದಲಾಗಿ ತೂಕ ನಿಂತುಹೋಗಬಹುದು.

ತೂಕ ಕಂಪ್ಯೂಟರಿಗೆ ಬಂದ ಮೇಲೆ ನೆಟ್‌ವರ್ಕಿನ ಕೆಲಸ. ಕಾಟಾ ಕಂಪ್ಯೂಟರಿನ ನೆಟ್‌ವರ್ಕ್ ಪ್ರೊಫೈಲನ್ನು ‘ಪ್ರೈವೇಟ್’ ಮಾಡಿ. ‘ಪಬ್ಲಿಕ್’ ಇದ್ದರೆ ವಿಂಡೋಸ್ ಫೈರ್‌ವಾಲ್ ಬಾಗಿಲು ತೆಗೆಯುವುದಿಲ್ಲ. ತೂಕದ ಫೈಲುಗಳಿರುವ ಒಂದೇ ಫೋಲ್ಡರನ್ನು ಶೇರ್ ಮಾಡಿ, ಸಿ ಡ್ರೈವ್ ಇಡಿಯಾಗಿ ಬೇಡ. ಆಫೀಸಿನವರಿಗೆಂದು ಪಾಸ್‌ವರ್ಡ್ ಇರುವ ಬೇರೆ ಯೂಸರ್ ಮಾಡಿ, ಅವರಿಗೆ ಓದುವ ಹಕ್ಕು ಮಾತ್ರ ಕೊಡಿ. ಅಂಕಿ ತಿದ್ದುವ ಹಕ್ಕು ಕಾಟಾದ ಮೇಲಿರುವವರಿಗೇ ಇರಲಿ. ರೈತರ ಜೊತೆ ಲೆಕ್ಕದ ಮಾತು ಬಂದಾಗ ಇದು ನೆರವಿಗೆ ಬರುತ್ತದೆ. ಆಫೀಸಿನಲ್ಲಿ ರನ್ ಬಾಕ್ಸಿನಲ್ಲಿ \\192.168.1.20 ಎಂದು ಹೊಡೆದರೆ ಫೋಲ್ಡರ್ ಕಾಣಬೇಕು. ಕಾಟಾ ಕಂಪ್ಯೂಟರಿನ ‘ಸ್ಲೀಪ್’ ನಿಲ್ಲಿಸಲು ಮರೆಯಬೇಡಿ. ಅದು ಮಲಗಿತೆಂದರೆ ಫೋಲ್ಡರೂ ಮಾಯ.

ಶೇರ್ ತೆರೆಯದಿದ್ದರೆ ‘ಎಸ್‌ಎಂಬಿ 1 ಆನ್ ಮಾಡು’ ಎಂಬ ಹಳೆಯ ಸಲಹೆ ಕೊಡುವವರು ಈಗಲೂ ಇದ್ದಾರೆ. ಮಾಡಬೇಡಿ. ಅದು ಫೈಲು ಹಂಚಿಕೊಳ್ಳುವ ವಿಂಡೋಸಿನ ತೀರ ಹಳೆಯ ಪದ್ಧತಿ; 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಅದೇ ಕಂಡಿಯಿಂದ. ಯೂಸರ್ ಹೆಸರು, ಪಾಸ್‌ವರ್ಡ್ ಸರಿಯಾಗಿ ಕೊಟ್ಟರೆ ಅದರ ಅಗತ್ಯವೇ ಬೀಳುವುದಿಲ್ಲ.

ಪ್ರಿಂಟರಿನಲ್ಲಿ ಲ್ಯಾನ್ ಪೋರ್ಟ್ ಇದ್ದರೆ ನೇರ ಸ್ವಿಚ್ಚಿಗೇ ಹಾಕಿ. ಒಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಕಟ್ಟಿ ಹಂಚಿಕೊಂಡರೆ ಆ ಕಂಪ್ಯೂಟರಿನವರು ಊಟಕ್ಕೆ ಹೋಗುವಾಗ ಬಂದ್ ಮಾಡಿದ ಕೂಡಲೇ ಎಲ್ಲರ ಪ್ರಿಂಟೂ ಬಂದ್. ಸೇರಿಸುವಾಗ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ 192.168.1.10 ಕೊಡಿ. ವಿಂಡೋಸ್ ತಾನೇ ಹುಡುಕಿ ಡಬ್ಲ್ಯುಎಸ್‌ಡಿ ಪೋರ್ಟಿನಲ್ಲಿ ಸೇರಿಸಿದ ಪ್ರಿಂಟರುಗಳು ಸುಮ್ಮಸುಮ್ಮನೆ ‘ಆಫ್‌ಲೈನ್’ ಆಗುತ್ತಿರುತ್ತವೆ. ಕಾಟಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಅಲ್ಲೇ ಬಿಡಿ, ಲಾರಿ ಡ್ರೈವರಿಗೆ ಚೀಟಿ ಅಲ್ಲೇ ಬೇಕು.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ: ತಗಡಿನ ಶೆಡ್ಡು ದಾಟಿ ಅದು ಹೋಗದು, ಕೆಲಸದ ಯಂತ್ರಗಳಿಗೆ ಕೇಬಲೇ ಸರಿ. 2.4 ಗಿಗಾಹರ್ಟ್ಸಿನಲ್ಲಿ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ. ಬಂದುಹೋಗುವವರಿಗೆ ‘ಗೆಸ್ಟ್’ ವೈಫೈ ಕೊಡಿ. ಅದರಲ್ಲಿದ್ದವರಿಗೆ ಪ್ರಿಂಟರ್, ಫೋಲ್ಡರ್ ಕಾಣುವುದಿಲ್ಲ. ಗುಮಾಸ್ತರ ಲ್ಯಾಪ್‌ಟಾಪ್ ಅದರಲ್ಲೇ ಸೇರಿಕೊಂಡು ‘ಪ್ರಿಂಟ್ ಹೋಗ್ತಿಲ್ಲ’ ಅನ್ನುವುದೂ ಉಂಟು, ಅದನ್ನೊಮ್ಮೆ ನೋಡಿಕೊಳ್ಳಿ.

ತೌಡು, ಬಿಸಿಲು, ಕರೆಂಟ್

ಮನೆಬಳಕೆಯ ರೂಟರ್, ಸ್ವಿಚ್ಚುಗಳ ಮೇಲೆ ಸಾಮಾನ್ಯವಾಗಿ 0ರಿಂದ 40 ಡಿಗ್ರಿ ಎಂದು ಬರೆದಿರುತ್ತದೆ. ರಾಯಚೂರು, ಕೊಪ್ಪಳದ ಏಪ್ರಿಲ್-ಮೇ ಬಿಸಿಲು ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಕೆಳಗೆ ಸ್ವಿಚ್ ಇಟ್ಟ ಮುಚ್ಚಿದ ಡಬ್ಬಿಯೊಳಗಿನ ಪಾಡು ಕೇಳುವುದೇ ಬೇಡ. ಮಧ್ಯಾಹ್ನ ಮಾತ್ರ ಕೈಕೊಡುವ ನೆಟ್‌ವರ್ಕಿಗೆ ಮೊದಲ ಅನುಮಾನ ಇದರ ಮೇಲೆ ಇರಲಿ. ಡಬ್ಬಿಯನ್ನು ಪಡುವಣ ಗೋಡೆಗೆ, ತಗಡಿಗೆ ಹತ್ತಿ ಹಾಕಬೇಡಿ. ಫ್ಯಾನ್ ಇಲ್ಲದ ಸ್ವಿಚ್ಚನ್ನೇ ಆರಿಸಿ: ಫ್ಯಾನ್ ಇದ್ದರೆ ತೌಡಿನ ಧೂಳನ್ನು ತಾನೇ ಎಳೆದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಕೇಬಲುಗಳು ಡಬ್ಬಿಗೆ ಕೆಳಗಿನಿಂದ ಬರಲಿ, ಬರುವ ಮುಂಚೆ ಒಂದು ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕಂಪ್ಯೂಟರಿಗೆ ಯುಪಿಎಸ್ ಇಟ್ಟು ಸ್ವಿಚ್ಚಿಗೆ ಇಡದಿರುವುದು ಎಲ್ಲೆಡೆ ಕಾಣುವ ಮರೆವು. ಜನರೇಟರಿಗೆ ಬದಲಾಯಿಸುವ ಆ ಹತ್ತು ಸೆಕೆಂಡಿನಲ್ಲಿ ಸ್ವಿಚ್ ಆರಿ, ಟ್ಯಾಲಿ ತೆರೆದಿದ್ದ ಫೈಲ್ ಕೈಬಿಡುತ್ತದೆ, ಡೇಟಾ ಕೆಡಬಹುದು. ಹಾದಿಯ ನಡುವಿನ ಪ್ರತಿ ಡಬ್ಬಿಗೂ, ಮೀಡಿಯಾ ಕನ್ವರ್ಟರಿಗೂ, ಬ್ಯಾಕಪ್ ಬೇಕು.

ನಿಂತಾಗ ಹುಡುಕುವ ಕ್ರಮ

ಮೊದಲು ಸ್ವಿಚ್ಚಿನ ದೀಪ. ಹತ್ತಿಲ್ಲವೆಂದರೆ ಕೇಬಲ್ ಇಲ್ಲವೇ ಕರೆಂಟ್, ಮುಂದೆ ಹೋಗಬೇಡಿ. ಹತ್ತಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಹೊಡೆಯಿರಿ, ಆ ಕಂಪ್ಯೂಟರಿನ ಅಡ್ರೆಸ್ ಕಾಣುತ್ತದೆ. ಅಡ್ರೆಸ್ 169.254ರಿಂದ ಶುರುವಾಗಿದ್ದರೆ ರೂಟರಿನಿಂದ ಅಡ್ರೆಸ್ ಸಿಗದೆ ಕಂಪ್ಯೂಟರ್ ತಾನೇ ಕಟ್ಟಿಕೊಂಡದ್ದು. ರೂಟರ್ ಆರಿದೆ, ಇಲ್ಲವೇ ನಡುವಿನ ಹಾದಿ ಕಡಿದಿದೆ. 192.168.0ರಿಂದ ಶುರುವಾಗಿದ್ದರೆ ಯಾರೋ ಎರಡನೇ ರೂಟರ್ ತಂದಿದ್ದಾರೆ. ಅಡ್ರೆಸ್ ಸರಿಯಿದ್ದರೆ ಮೊದಲು 192.168.1.1ಕ್ಕೆ ಪಿಂಗ್ (ping, ‘ಇದ್ದೀಯಾ?’ ಎಂದು ಕೇಳುವ ಕಮಾಂಡ್) ಕೊಡಿ, ಆಮೇಲೆ ಕಾಟಾಕ್ಕೆ. ಕಾಟಾ ಪಿಂಗಿಗೆ ಉತ್ತರಿಸಲಿಲ್ಲವೆಂದ ಮಾತ್ರಕ್ಕೆ ಸತ್ತಿದೆ ಎಂದುಕೊಳ್ಳಬೇಡಿ, ಫೈರ್‌ವಾಲ್ ತಡೆದಿರಬಹುದು. ಕೂಡಲೇ ಎಆರ್‌ಪಿ -ಎ (arp -a) ಹೊಡೆಯಿರಿ. 192.168.1.20ರ ಮುಂದೆ ಮ್ಯಾಕ್ ಅಡ್ರೆಸ್ ಕಂಡರೆ ಯಂತ್ರ ಬದುಕಿದೆ, ಕೇಬಲ್ ಸರಿಯಿದೆ. ಹುಡುಕಬೇಕಾದದ್ದು ಆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ. ಮತ್ತೆ ‘ಪಬ್ಲಿಕ್’ ಆಗಿಬಿಟ್ಟಿದೆಯೇ ನೋಡಿ.

ಇನ್ನೊಂದು ಬಗೆ ಇದೆ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿಣುಕುತ್ತಿರುತ್ತವೆ, ಯಾವ ಕಂಪ್ಯೂಟರೂ ಮಾತಾಡುತ್ತಿರುವುದಿಲ್ಲ. ಕಸ ಹೊಡೆಯುವಾಗ ಬಿದ್ದಿದ್ದ ಕೇಬಲ್ ತುದಿಯನ್ನು ಯಾರೋ ಪಾಪ ಒಳ್ಳೆಯದಾಗಲೆಂದು ಖಾಲಿ ಪೋರ್ಟಿಗೆ ಚುಚ್ಚಿರುತ್ತಾರೆ, ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿರುತ್ತದೆ. ‘ಯಾರಪ್ಪಾ’ ಎಂಬ ಕೂಗು ಆ ಸುತ್ತಿನಲ್ಲಿ ಸಿಕ್ಕಿ ನಿಲ್ಲದೆ ತಿರುಗುತ್ತದೆ. ಒಂದೊಂದೇ ಕೇಬಲ್ ಕೀಳುತ್ತ ಹೋಗಿ. ಯಾವುದು ಕಿತ್ತಾಗ ದೀಪಗಳು ಶಾಂತವಾದವೋ ಅದನ್ನು ಹಾಗೇ ಹೊರಗಿಡಿ. ಆಮೇಲೆ ಉಳಿದ ಪ್ರತಿ ಕೇಬಲಿನ ಎರಡೂ ತುದಿಗೆ ‘ಕಾಟಾ’, ‘ಪ್ರಿಂಟರ್’, ‘ಕ್ಯಾಮೆರಾ’ ಎಂದು ಚೀಟಿ ಅಂಟಿಸಿ, ಅಡ್ರೆಸ್ ಬರೆದ ಕಾಗದವನ್ನು ಡಬ್ಬಿಯ ಬಾಗಿಲ ಒಳಬದಿಗೆ ಹಚ್ಚಿ. ಪಾಸ್‌ವರ್ಡನ್ನು ಮಾತ್ರ ಅದರ ಮೇಲೆ ಬರೆಯಬೇಡಿ.