ಆರ್36ಎಸ್ ಬಂತಾ? ಮೊದಲು ಕಾರ್ಡ್ ಬದಲಿಸಿ

ಪಾರ್ಸಲ್ ಬಂದ ದಿನವೇ ಆಟಕ್ಕೆ ಕೂರಬೇಡಿ. ಆರ್36ಎಸ್ ಅಂದರೆ ಕೈಯಲ್ಲಿ ಹಿಡಿದು ಹಳೆಯ ವಿಡಿಯೋ ಗೇಮ್ ಆಡುವ ಪುಟ್ಟ ಸೆಟ್. ಅದನ್ನು ಕೊಂಡವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಈಚೆಗೆ ಫೋನುಗಳ ಜೊತೆ ಈ ಪುಟ್ಟ ಗೇಮ್ ಸೆಟ್‌ಗಳೂ ರಿಪೇರಿಗೆ ಬರುತ್ತಿವೆ. "ಅಣ್ಣಾ, ನಿನ್ನೆತನ್ಕ ಚಲೋ ಇತ್ತು, ಇವತ್ತು ಆನ್ ಆಗವಲ್ದು" ಅಂತ ಹುಡುಗರು ತಂದು ಕೊಡುತ್ತಾರೆ. ಬಿಚ್ಚಿ ನೋಡಿದರೆ ಬೋರ್ಡ್ ಸರಿ ಇರುತ್ತದೆ, ಬ್ಯಾಟರಿಯೂ ಸರಿ ಇರುತ್ತದೆ. ಕೆಟ್ಟಿರುವುದು ಮಾತ್ರ ಜೊತೆಗೆ ಬಂದ ಮೆಮೊರಿ ಕಾರ್ಡ್. ಆ ಕಾರ್ಡ್ ಬದಲಿಸಿಬಿಟ್ಟರೆ ಈ ಸೆಟ್ ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಕೊಳ್ಳುವ ಮುಂಚೆ ಒಂದೆರಡು ವಿಷಯ ತಿಳಿದಿರಲಿ. ಇದರಲ್ಲಿ ಇರುವುದು ಆರ್‌ಕೆ3326 ಚಿಪ್, 1 ಜಿಬಿ ರ‍್ಯಾಮ್, 3.5 ಇಂಚಿನ 640x480 ಸ್ಕ್ರೀನ್. ನಾವು ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್ ನೆನಪಿದೆ ಅಲ್ವಾ? ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು ಅವು. ಆ ಕಾಲದ ಆಟಗಳು, 1989ರ ಗೇಮ್‌ಬಾಯ್, 2001ರ ಗೇಮ್‌ಬಾಯ್ ಅಡ್ವಾನ್ಸ್, 1994ರ ಮೊದಲ ಪ್ಲೇಸ್ಟೇಷನ್, ಇವೆಲ್ಲ ಇದರಲ್ಲಿ ಚೆನ್ನಾಗಿ ಓಡುತ್ತವೆ. ನಿಂಟೆಂಡೊ 64, ಪಿಎಸ್‌ಪಿ ಆಟಗಳಲ್ಲಿ ಹಗುರವಾದವು ಮಾತ್ರ ಓಡುತ್ತವೆ, ಉಳಿದವು ಎಳೆದಾಡುತ್ತವೆ. ಅವುಗಳಿಗೋಸ್ಕರವೇ ಬೇಕು ಅಂದರೆ ಇದನ್ನು ಕೊಳ್ಳಬೇಡಿ. ಇನ್ನೊಂದು, ಇದೇ ಡಬ್ಬಿಯಲ್ಲಿ ಬೇರೆ ಬೋರ್ಡ್ ಕೂರಿಸಿ ಮಾರುವವರೂ ಇದ್ದಾರೆ. ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಚಿಪ್ ಆರ್‌ಕೆ3326 ಹೌದಾ? ಸೆಟ್ ನಡೆಸುವ ಸಿಸ್ಟಮ್ ಆರ್ಕ್‌ಓಎಸ್ ಹೌದಾ? ಕಾರ್ಡ್ ಹಾಕಲು ಎರಡು ಸ್ಲಾಟ್ ಇವೆಯಾ? ಉತ್ತರ ತಡವರಿಸಿದರೆ ಆ ಅಂಗಡಿ ಬಿಡಿ.

ಈಗ ಕಾರ್ಡ್ ಕೆಲಸ. ಎರಡು ಸ್ಲಾಟ್‌ಗಳಲ್ಲಿ ಒಂದು ಸಿಸ್ಟಮ್‌ಗೆ, ಇನ್ನೊಂದು ಗೇಮ್‌ಗಳಿಗೆ. ಎರಡಕ್ಕೂ ಹೊಸ ಕಾರ್ಡ್ ತನ್ನಿ. ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್‌ನಂಥ ಕಂಪನಿಯದು, ಬಿಲ್ ಕೊಡುವ ಅಂಗಡಿಯದು ಇರಲಿ. ಸಿಸ್ಟಮ್ ಕಾರ್ಡ್ ಹಳೆಯದಕ್ಕಿಂತ ಒಂದು ಅಳತೆ ದೊಡ್ಡದು ತರಬೇಕು. ಹಳೆಯದು 16 ಜಿಬಿ ಇದ್ದರೆ ಹೊಸದು 32 ಜಿಬಿ. ಮೇಲೆ ಒಂದೇ ಸಂಖ್ಯೆ ಬರೆದಿದ್ದರೂ ಎರಡು ಕಂಪನಿಯ ಕಾರ್ಡ್‌ಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಹಳೆಯ ಕಾರ್ಡ್‌ನಲ್ಲಿರುವ ಸಿಸ್ಟಮನ್ನು ಹೊಸದಕ್ಕೆ ನಕಲು ಮಾಡಬೇಕು, ಹೊಸದರಲ್ಲಿ ಜಾಗ ಒಂಚೂರು ಕಡಿಮೆಯಾದರೂ ಆ ನಕಲು ಕೂರುವುದಿಲ್ಲ.

ಹೊಸ ಕಾರ್ಡ್ ಅಸಲಿಯೋ ನಕಲಿಯೋ ಅಂತ ಮೊದಲೇ ನೋಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೇ ಇದೆ. ಅದು ಕಾರ್ಡ್ ಪೂರ್ತಿ ಡೇಟಾ ತುಂಬಿಸಿ, ಮತ್ತೆ ಓದಿ, ಬರೆದದ್ದೇ ಇದೆಯಾ ಅಂತ ಹೋಲಿಸುತ್ತದೆ. 128 ಜಿಬಿ ಅಂತ ಬರೆದು ಒಳಗೆ 8 ಜಿಬಿ ಇಟ್ಟ ಕಾರ್ಡ್ ಇಲ್ಲಿ ಸಿಕ್ಕಿಬೀಳುತ್ತದೆ. ದೊಡ್ಡ ಕಾರ್ಡ್‌ಗೆ ಗಂಟೆಗಟ್ಟಲೆ ಬೇಕು. ರಾತ್ರಿ ಹಚ್ಚಿಟ್ಟು ಮಲಗಿ.

ಆಮೇಲೆ ಹಳೆಯ ಸಿಸ್ಟಮ್ ಕಾರ್ಡನ್ನು ರೀಡರ್‌ಗೆ ಹಾಕಿ. ವಿಂಡೋಸ್ ಒಂದರ ಹಿಂದೆ ಒಂದು ಪೆಟ್ಟಿಗೆ ತೆರೆದು "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಎಲ್ಲದಕ್ಕೂ ಕ್ಯಾನ್ಸಲ್ ಒತ್ತಿ. ಕಾರ್ಡ್‌ನ ಕೆಲವು ಭಾಗ ಲಿನಕ್ಸ್ ಅನ್ನುವ ಬೇರೆ ಸಿಸ್ಟಮ್‌ನದು, ಅದು ವಿಂಡೋಸ್‌ಗೆ ಓದಲು ಬರುವುದಿಲ್ಲ, ಅದಕ್ಕೇ ಖಾಲಿ ಅಂದುಕೊಂಡು ಕೇಳುತ್ತದೆ. ಇಲ್ಲಿ ಸುಮ್ನೆ ಓಕೆ ಒತ್ತಿದರೆ ಸಿಸ್ಟಮ್ ಅಳಿಸಿಹೋಗುತ್ತದೆ. ವಿನ್32 ಡಿಸ್ಕ್ ಇಮೇಜರ್ ಅನ್ನುವ ಸಾಫ್ಟ್‌ವೇರ್ ತೆರೆದು, ರೀಡ್ ಒತ್ತಿ, ಇಡೀ ಕಾರ್ಡನ್ನು ಒಂದು ಇಮೇಜ್ ಫೈಲ್ ಮಾಡಿಕೊಳ್ಳಿ. ಅದೇ ಫೈಲನ್ನು ಬಲೇನಾ ಎಚರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಿಂದ ಹೊಸ ಕಾರ್ಡ್‌ಗೆ ಬರೆಯಿರಿ. ಅಷ್ಟೇ, ನಕಲು ಸಿದ್ಧ.

ಹಳೆಯ ಕಾರ್ಡ್‌ನಲ್ಲಿ ಬೂಟ್ ಅನ್ನುವ ಚಿಕ್ಕ ಭಾಗವೊಂದು ವಿಂಡೋಸ್‌ನಲ್ಲೂ ಕಾಣುತ್ತದೆ. ಅದರೊಳಗೆ ಡಿಟಿಬಿ ಅಂತ ಕೊನೆಯಾಗುವ ಫೈಲ್‌ಗಳಿವೆ. ಅವನ್ನು ಬೇರೆ ತೆಗೆದು, ಕಂಪ್ಯೂಟರ್‌ನಲ್ಲೂ ಫೋನಿನಲ್ಲೂ ಇಟ್ಟುಕೊಳ್ಳಿ. ಈ ಸೆಟ್ ತಯಾರಾಗುವಾಗ ಒಂದೊಂದು ಲಾಟ್‌ಗೆ ಒಂದೊಂದು ಬಗೆಯ ಡಿಸ್‌ಪ್ಲೇ ಹಾಕಿರುತ್ತಾರೆ. ನಿಮ್ಮ ಸೆಟ್‌ನಲ್ಲಿ ಯಾವುದಿದೆ ಅಂತ ಸಿಸ್ಟಮ್‌ಗೆ ಹೇಳುವುದು ಈ ಫೈಲೇ. ಮುಂದೆ ಹೊಸದಾಗಿ ಆರ್ಕ್‌ಓಎಸ್ ಹಾಕುವಾಗ ಇದು ಇಲ್ಲದಿದ್ದರೆ ಶಬ್ದ ಬರುತ್ತದೆ, ಚಿತ್ರ ಬರುವುದಿಲ್ಲ. ಡಿಸ್‌ಪ್ಲೇ ಹೋಯಿತು ಅಂತ ನನ್ನ ಹತ್ತಿರ ಬರುವ ಎಷ್ಟೋ ಸೆಟ್‌ಗಳ ತೊಂದರೆ ಇದು. ಫೈಲ್ ವಾಪಸ್ ಹಾಕಿದ ಕೂಡಲೇ ಸ್ಕ್ರೀನ್ ಬೆಳಗುತ್ತದೆ.

ಗೇಮ್ ಕಾರ್ಡ್ ಸುಲಭ. ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ ಎರಡನೇ ಸ್ಲಾಟ್‌ಗೆ ಹಾಕಿ. ಸೆಟ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಒಳಗೆ ಎರಡನೇ ಕಾರ್ಡ್‌ಗೆ ಬದಲಾಗುವ ಆಯ್ಕೆ ಇದೆ. ಅದನ್ನು ಒತ್ತಿದರೆ ಫೋಲ್ಡರ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ನಮ್ಮೂರಿನವರು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಎರಡೂ ಕಡೆ ಟೈಪ್ ಸಿ ಇರುವ ಕೇಬಲ್ ಹಾಕಿದರೆ ಇಂಥ ಹಲವು ಸೆಟ್‌ಗಳು ಚಾರ್ಜ್ ಆಗುವುದೇ ಇಲ್ಲ. ಚಾರ್ಜರ್ ಕಡೆ ಹಳೆಯ ಚಪ್ಪಟೆ ಯುಎಸ್‌ಬಿ, ಸೆಟ್ ಕಡೆ ಟೈಪ್ ಸಿ, 5 ವೋಲ್ಟ್‌ನ ಸಾದಾ ಚಾರ್ಜರ್, ಇದು ಸರಿ. ಸೆಟ್‌ನಲ್ಲಿ ಎರಡು ಪಿನ್ ಜಾಗ ಇವೆ. ಡಿಸಿ ಅಂತ ಬರೆದದ್ದಕ್ಕೇ ಹಾಕಿ, ಓಟಿಜಿಗೆ ಅಲ್ಲ. ಇನ್ನು ಬಿಸಿಲು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ನೆರಳೇ 40 ದಾಟುತ್ತದೆ. ತಗಡಿನ ಶೆಡ್ ಒಳಗೆ, ಗಾಡಿಯ ಡಿಕ್ಕಿಯಲ್ಲಿ ಕೇಳುವುದೇ ಬೇಡ. ಬೆಳಗ್ಗೆ ಹೊತ್ತೇರುವ ಮುಂಚೆ ಇಲ್ಲವೇ ರಾತ್ರಿ ಫ್ಯಾನ್ ಕೆಳಗೆ ಚಾರ್ಜ್ ಮಾಡಿ. ಹಿಂದಿನ ಮುಚ್ಚಳ ಉಬ್ಬಿದ ಹಾಗೆ ಕಂಡರೆ ಆ ಬ್ಯಾಟರಿ ಮತ್ತೆ ಬಳಸಬೇಡಿ, ಚುಚ್ಚಿ ನೋಡುವುದಂತೂ ಬೇಡವೇ ಬೇಡ.

ಧೂಳಿಗೆ ನಮ್ಮಲ್ಲೇ ಮದ್ದಿದೆ. ಕೌಲ್ ಬಜಾರ್ ಸುತ್ತ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ. ಉಳಿದ ಜೀನ್ಸ್ ತುಂಡಿನಲ್ಲಿ ಒಂದು ಚೀಲ ಹೊಲಿಸಿ, ಒಳಗೆ ಮೆತ್ತನೆ ಬಟ್ಟೆ ಕೊಡಿಸಿ. ಆನ್‌ಲೈನ್ ಪೌಚ್‌ಗಿಂತ ಗಟ್ಟಿ. ಅನಲಾಗ್ ಕಡ್ಡಿಯ ಬುಡಕ್ಕೆ ಧೂಳು ಇಳಿದರೆ ಆಟದಲ್ಲಿ ಆಳು ತಾನಾಗಿಯೇ ಒಂದು ಕಡೆ ನಡೆಯಲು ಶುರು ಮಾಡುತ್ತಾನೆ. ಚೀಲ ಇದ್ದರೆ ಅದು ಎಷ್ಟೋ ತಪ್ಪುತ್ತದೆ.

ಆಡುವಾಗ ಒಂದೇ ನಿಯಮ. ಆಟ ಮುಗಿಸುವಾಗ ಪವರ್ ಬಟನ್ ಹಿಡಿದು ಕೊಲ್ಲಬೇಡಿ. ಕ್ಯಾಸೆಟ್ ಕಾಲದ ಆಟದೊಳಗೆ "ಸೇವ್" ಅಂತ ಒತ್ತಿದರೂ ಆ ಸೇವ್ ಮೊದಲು ರ‍್ಯಾಮ್‌ನಲ್ಲಿ ಮಾತ್ರ ಕೂರುತ್ತದೆ. ಆಟ ಓಡಿಸುವ ಸಾಫ್ಟ್‌ವೇರ್ ರೆಟ್ರೋಆರ್ಕ್ ಅದನ್ನು ಕಾರ್ಡ್‌ಗೆ ಬರೆಯುವುದು ನೀವು ಆಟದಿಂದ ಹೊರಗೆ ಬಂದಾಗ. ಅಷ್ಟರೊಳಗೆ ಕರೆಂಟ್ ಕತ್ತರಿಸಿದರೆ ಮಗು ಮಧ್ಯಾಹ್ನವೆಲ್ಲ ಆಡಿ ಗೆದ್ದದ್ದು ಹೋಯಿತು. ಸೆಲೆಕ್ಟ್ ಮತ್ತು ಸ್ಟಾರ್ಟ್ ಒಟ್ಟಿಗೆ ಒತ್ತಿ ಆಟದಿಂದ ಹೊರಬನ್ನಿ, ಆಮೇಲೆ ಮೆನುವಿನಿಂದ ಶಟ್‌ಡೌನ್ ಮಾಡಿ. ಆಗಾಗ ಎಸ್‌ಆರ್‌ಎಂ ಅಂತ ಕೊನೆಯಾಗುವ ಸೇವ್ ಫೈಲ್‌ಗಳನ್ನು ಕಂಪ್ಯೂಟರ್‌ಗೆ ಎಳೆದಿಡಿ.

ಚಿತ್ರ ಮಸುಕಾಗಿ ಕಂಡರೆ ರೆಟ್ರೋಆರ್ಕ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ ಇಂಟಿಜರ್ ಸ್ಕೇಲ್ ಆನ್ ಮಾಡಿ. ಗೇಮ್‌ಬಾಯ್ ಚಿತ್ರ 160x144. ಅದನ್ನು ಸರಿಯಾಗಿ ಮೂರು ಪಟ್ಟು ಮಾಡಿದರೆ 480x432, ನಮ್ಮ ಸ್ಕ್ರೀನ್‌ನಲ್ಲಿ ಸುತ್ತ ಕಪ್ಪು ಅಂಚು ಉಳಿದು ಕೂರುತ್ತದೆ. ಒಂದೊಂದು ಚುಕ್ಕಿಯೂ ಚೌಕವಾಗಿ, ಚೂಪಾಗಿ ಕಾಣುತ್ತದೆ. ಸ್ಕ್ರೀನ್ ತುಂಬಾ ಎಳೆದರೆ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ. ನನಗೆ ಕಪ್ಪು ಅಂಚೇ ಇಷ್ಟ.

ಆಟಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಹಳೆಯ ಕಾರ್ಡ್‌ನಲ್ಲಿ ಸಾವಿರಾರು ಆಟ ತುಂಬಿ ಕೊಟ್ಟಿರುತ್ತಾರೆ, ಅವುಗಳ ಹಕ್ಕು ಈಗಲೂ ಆಯಾ ಕಂಪನಿಯದೇ. ನಾನು ಯಾರಿಗೂ ಅದನ್ನು ಹೊಸ ಕಾರ್ಡ್‌ಗೆ ತುಂಬಿಸಿ ಕೊಡುವುದಿಲ್ಲ. ಉಚಿತವಾಗಿಯೇ ಸಿಗುವ ಒಳ್ಳೆಯ ಆಟಗಳಿವೆ. ಕೇವ್ ಸ್ಟೋರಿ ಹಾಕಿ ನೋಡಿ. ಜಪಾನಿನ ಡೈಸುಕೆ ಅಮಾಯಾ ವರ್ಷಗಟ್ಟಲೆ ಒಬ್ಬರೇ ಕೂತು ಮಾಡಿ 2004ರಲ್ಲಿ ಉಚಿತವಾಗಿ ಬಿಟ್ಟ ಆಟ ಅದು. ಚಿತ್ರ, ಸಂಗೀತ, ಕಥೆ ಎಲ್ಲ ಅವರದೇ. ಗೇಮ್‌ಬಾಯ್‌ಗೆ ಟೋಬು ಟೋಬು ಗರ್ಲ್, ಗುಂಡಿನ ಆಟ ಬೇಕಾದವರಿಗೆ ಫ್ರೀಡೂಮ್. ನನ್ನ ಅಕ್ಕನ ಮಗನಿಗೆ ಈ ಮೂರೇ ಹಾಕಿಕೊಟ್ಟಿದ್ದೇನೆ. ಮೂರೇ ಇರುವುದರಿಂದ ಒಂದೊಂದನ್ನೂ ಪೂರ್ತಿ ಆಡುತ್ತಾನೆ. ಸೆಟ್‌ನಲ್ಲಿ ವೈಫೈ ಇಲ್ಲ, ಜಾಹೀರಾತು ಇಲ್ಲ, ಮಧ್ಯೆ ದುಡ್ಡು ಕೇಳುವುದಿಲ್ಲ. ಮಕ್ಕಳ ಕೈಗೆ ಫೋನ್ ಬದಲು ಇದನ್ನು ಕೊಡಿ ಅಂತ ನಾನು ಹೇಳುವುದು ಇದಕ್ಕೇ.

ವಿಡಿಯೋ, ಹಾಡಿಗೂ ಇದು ಸಾಕು. ನಮ್ಮ ಕಡೆ ಊರೂರಲ್ಲಿ ಬಯಲಾಟ ಫೋನಿನಲ್ಲಿ ಹಿಡಿದಿಟ್ಟಿರುತ್ತಾರೆ. ಹೊಸ ಫೋನಿನ ವಿಡಿಯೋ ಎಷ್ಟೋ ಸಲ ಎಚ್.265 ಅನ್ನುವ ವಿಡಿಯೋ ಕುಗ್ಗಿಸುವ ಬಗೆಯಲ್ಲಿ, 1080ಪಿ ಇರುತ್ತದೆ. ಅದನ್ನು ಹಾಗೇ ಹಾಕಿದರೆ ಈ ಸೆಟ್‌ಗೆ ಭಾರ ಆಗಬಹುದು. ಭಾಗವತರ ಪದ ಮುಂದೆ ಹೋಗುತ್ತದೆ, ವೇಷದ ಕುಣಿತ ಹಿಂದೆ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫಾಸ್ಟ್ 480ಪಿ30 ಅನ್ನುವ ಪ್ರಿಸೆಟ್ ಇದೆ. ಅದನ್ನು ಆರಿಸಿ, ಅಗಲ 640 ಇಡಿ. ಎತ್ತರ ತಾನಾಗಿಯೇ 360 ಆಗುತ್ತದೆ. ಸ್ಕ್ರೀನ್‌ನ ಅಗಲವೇ 640, ಅದಕ್ಕಿಂತ ಜಾಸ್ತಿ ಕೊಟ್ಟರೆ ಕಾರ್ಡ್‌ನ ಜಾಗ ದಂಡ. ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಪಟ್ಟಿಯಲ್ಲಿ ಹುಡುಕಲು ತೊಂದರೆ ಇರುವುದಿಲ್ಲ. ಹಾಡುಗಳಿಗೆ ಎಂಪಿ3 ಸಾಕು. ಇಯರ್‌ಫೋನ್‌ಗೆ 3.5 ಎಂಎಂ ಜ್ಯಾಕ್ ಇದೆ, ಮನೆಯಲ್ಲಿ ಮೂಲೆ ಸೇರಿದ ತಂತಿ ಇಯರ್‌ಫೋನ್ ಹುಡುಕಿ ತೆಗೆಯಿರಿ. ಹುಬ್ಬಳ್ಳಿ ರೈಲು ಹತ್ತಿದರೆ ತೋರಣಗಲ್ಲು ದಾಟಿ, ಹೊಸಪೇಟೆ, ಕೊಪ್ಪಳ, ಗದಗದವರೆಗೂ ಫೋನಿನ ಚಾರ್ಜ್ ಮುಟ್ಟದೆ ಒಂದು ಇಡೀ ಪ್ರಸಂಗ ನೋಡಬಹುದು.